ಚಂದ್ರನಿಂದ ಬಂದ ಸೋದರಮಾವ

ಎನ್.ಆರ್. ಕಾಲೋನಿಯ ಮನೆಯೊಂದರಲ್ಲಿ ನಾನು ಯುಪಿಎಸ್ ರಿಪೇರಿ ಮುಗಿಸಿದಾಗ, ಅಲ್ಲಿನ ಕಾಲೇಜು ಹುಡುಗರು ತಲಾ ಒಂದು ಪಾತ್ರವಾಗಿ, ದಾಳ ಹಾಕಿ ಅಂತರಿಕ್ಷ ನೌಕೆಯ ಕಥೆಯಾಟ ಆಡುತ್ತಿದ್ದರು. ಒಬ್ಬ ಕಡಿಮೆ ಅಂತ ನನಗೂ ಹಾಳೆ ಕೊಟ್ಟು ಪಾತ್ರ ಬರೆಯಲು ಹೇಳಿದರು. ಅವರ ವೀರರೆಲ್ಲ ಅನಾಥರು, ಬಂದೂಕು ಬಿಟ್ಟರೆ ಗತಿಯಿಲ್ಲ. ನನ್ನ ಮೆಕ್ಯಾನಿಕ್‌ಗೆ ಅವ್ವ, ತಂಗಿ, ಚಂದ್ರನ ಮೇಲೆ ಗ್ಯಾರೇಜಿಟ್ಟ ಸೋದರಮಾವ, ಅವನ ಜೊತೆ ಹಳೇ ಜಗಳ, ಎಲ್ಲ ಬರೆದೆ.

“ಇದೇನು ಗುರು, ಮದುವೆ ಪತ್ರಿಕೆನಾ?” ಆಟ ನಡೆಸುವವನು ನಕ್ಕ.

“ನಿಮ್ಮ ವೀರರೇನು ಆಕಾಶದಿಂದ ಉದುರಿದ್ರಾ?” ಅಂದೆ.

ಅಷ್ಟರಲ್ಲಿ ಆಟದೊಳಗೆ ನೌಕೆ ಕೆಟ್ಟು ಗಾಳಿ ಸೋರತೊಡಗಿತು. ಅವರಿಗೆ ಕರೆಯಲು ಯಾರೂ ಇಲ್ಲ. ನಾನು ಮಾವನನ್ನು ಕರೆದೆ.

“ಜಗಳ ಆಗಿದೆಯಲ್ಲ, ಆರು ಬಿದ್ರೆ ಮಾತ್ರ ಬರ್ತಾನೆ. ದಾಳ ಹಾಕಿ,” ಅಂದ ಆಟ ನಡೆಸುವವನು.

“ಹಾಕಲ್ಲ. ನಮ್ಮ ಮಾವ ಬೈಕೊಂಡಾದ್ರೂ ಬರ್ತಾನೆ. ದಾಳ ಕೇಳ್ಕೊಂಡು ಬರೋನಲ್ಲ.”

“ಬರ್ಲಿ ಬಿಡೋ ಮಗಾ, ಸಾಯ್ತಿದೀವಿ!” ಅಂದ ಇನ್ನೊಬ್ಬ.

ಮಾವ ಬಂದ, ನೌಕೆ ಹಾರಿತು. ಮುಂದಿನ ಭಾನುವಾರ ಹೋದರೆ ಎಲ್ಲರ ಹಾಳೆಯಲ್ಲೂ ಒಬ್ಬೊಬ್ಬ ಸೋದರಮಾವ ಹುಟ್ಟಿಕೊಂಡಿದ್ದ.