ಜೀಪಿನ ಹಿಂದಿನ ಆಫೀಸು

ನಾನು ಕರಡು ತಿದ್ದುವವಳು. ಪರೀಕ್ಷೆಯ ಗೈಡು, ವ್ಯಾಕರಣದ ಪುಸ್ತಕ, ಅಡುಗೆ ಪುಸ್ತಕ, ಏನು ಬಂದರೂ ಕಂಪ್ಯೂಟರಿನಲ್ಲಿ ತೆರೆದು ತಪ್ಪು ಹುಡುಕಿ ತಿರುಗಿ ಕಳಿಸುತ್ತೇನೆ. ಬೆಟಗೇರಿಯ ನಮ್ಮ ಮನೆಯ ಎರಡೂ ಪಕ್ಕದಲ್ಲಿ ಪವರ್‌ಲೂಮ್ ಇವೆ. ನಾನು ನೇಕಾರರ ಮನೆಯಲ್ಲೇ ಹುಟ್ಟಿದವಳು. ಮಗ್ಗದ ಸದ್ದಿಗೆ ನನಗೆ ನಿದ್ದೆ ಬರುತ್ತದೆಯೇ ಹೊರತು ಕೆಡುವುದಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಪ್ರಕಾಶನದವರು ಎಲ್ಲದಕ್ಕೂ ವಿಡಿಯೋ ಮೀಟಿಂಗ್ ಕರೆಯತೊಡಗಿದರು. ಅಲ್ಲಿನ ಸಂಪಾದಕಿ ಒಮ್ಮೆ ಮಗ್ಗದ ಸದ್ದು ಕೇಳಿ, ನೀವು ರೈಲಿನಲ್ಲಿದ್ದೀರಾ ಎಂದು ಕೇಳಿದರು. ವಿವರಿಸಲು ಬೇಸರವಾಗಿ ಹೌದು ಎಂದುಬಿಟ್ಟೆ. ಮುಂದಿನ ವಾರವೂ ಕೇಳಿದರು, ಆಗಲೂ ಹೌದು ಎಂದೆ. ಮೂರನೆಯ ವಾರ ಅವರು ಕೇಳಲಿಲ್ಲ. ಅಷ್ಟರಲ್ಲಿ ನಾನು ಊರೂರು ತಿರುಗುವ ಹೆಂಗಸು ಎಂದು ಅವರ ಆಫೀಸಿನಲ್ಲೆಲ್ಲ ಹೆಸರಾಗಿತ್ತು.

ಹೆಸರಾದ ಮೇಲೆ ಅದಕ್ಕೆ ತಕ್ಕಂತೆ ಇರಬೇಕಲ್ಲ. ಆ ದಿನಗಳಲ್ಲೇ ಮೊಬೈಲಿನಲ್ಲಿ ಯಾವುದೋ ದೇಶದ ಹೆಣ್ಣುಮಗಳ ವಿಡಿಯೋ ನೋಡಿದೆ. ಕಾರಿನ ಹಿಂದೆ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಹೋಗಿ, ಕೆರೆಯ ದಂಡೆಯಲ್ಲಿ ನಿಲ್ಲಿಸಿ, ದೊಡ್ಡ ಕಿಟಕಿಯ ಮುಂದೆ ಕುಳಿತು ಕೆಲಸ ಮಾಡುತ್ತಿದ್ದಳು. ಅಂಥ ವಿಡಿಯೋಗಳನ್ನು ಒಂದು ತಿಂಗಳು ನೋಡಿದೆ. ತಿಂಗಳಾದ ಮೇಲೆ ನನಗೆ ಎಲ್ಲಾ ಗೊತ್ತು ಎನ್ನಿಸಿತು. ನನ್ನ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮನೆಯಲ್ಲಿ ಕೂತು ಕೂತು ಅವರಿಗೆ ಸಾಕಾಗಿತ್ತು. ನಕ್ಕುಬಿಡುತ್ತಾರೆ ಎಂದುಕೊಂಡೇ ಹೇಳಿದೆ. ಅವರು ನಗಲಿಲ್ಲ, ಮೈದುನನ ಹಳೆಯ ಜೀಪು ಕೇಳುವುದಕ್ಕೆ ಅವತ್ತೇ ಹೋದರು.

ಗದಗಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಒಬ್ಬ ಮುಸಲ್ಮಾನ ಮೇಸ್ತ್ರಿ ಇದ್ದಾರೆ, ಅರವತ್ತರ ಹತ್ತಿರದ ವಯಸ್ಸು. ನಾನು ಸ್ಕೇಲು ಹಿಡಿದು ಬರೆದ ನಕ್ಷೆಯನ್ನು ಅವರ ಮುಂದೆ ಹಾಸಿದೆ. ಹಿಂಬದಿಗೆ ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ಅಪ್ಪನ ಕಾಲದ ಸಾಗವಾನಿ ಮೇಜು, ಮೇಜಿನಡಿ ಇನ್ವರ್ಟರು ಮತ್ತು ಎರಡು ಬ್ಯಾಟರಿ, ಪಕ್ಕದಲ್ಲಿ ನಿಘಂಟುಗಳ ಕಪಾಟು. ಮೇಸ್ತ್ರಿ ಬಹಳ ಹೊತ್ತು ನೋಡಿ, ಇದರಲ್ಲಿ ಎಷ್ಟು ಜನ ಕೂತುಕೊಳ್ಳುತ್ತೀರಿ ಎಂದು ಕೇಳಿದರು. ನಾನೊಬ್ಬಳೇ ಎಂದೆ. ಆಮೇಲೆ ಪೆನ್ಸಿಲಿನಿಂದ ಗಾಲಿಯ ಗುರುತಿನ ಮೇಲೆ ಒಂದು ಗೆರೆ ಎಳೆದರು.

"ಭಾರ ಎಲ್ಲಾ ಗಾಲಿ ಹಿಂದ ಬಂದೈತ್ರಿ ಅಕ್ಕಾರ. ಮುಂದ ಇಡೂಣು. ಹಿಂದ ಇಟ್ರ ಗಾಡಿ ಓಡುವಾಗ ಬಾಲ ಅಲ್ಲಾಡಸ್ತೈತಿ."

ನಾನು ವಿಡಿಯೋ ತೋರಿಸಿದೆ. ಮುಂದೆ ಇಟ್ಟರೆ ಕಿಟಕಿಯಿಂದ ಜೀಪಿನ ಬೆನ್ನು ಕಾಣುತ್ತದೆ, ಕೆರೆಯಲ್ಲ ಎಂದು ವಾದಿಸಿದೆ. ನಲವತ್ತು ವರ್ಷ ಟ್ರೇಲರ್ ಕಟ್ಟಿದ ಮನುಷ್ಯನಿಗೆ ನಾನು ಟ್ರೇಲರ್ ಎಂದರೇನು ಎಂದು ಕಾಲು ಗಂಟೆ ಪಾಠ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿ, ಆತ್ರಿ ಎಂದು ಒಪ್ಪಿಕೊಂಡರು.

ಚಳಿಗಾಲದ ಒಂದು ಬೆಳಿಗ್ಗೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆಂದು ಹೊರಟೆವು. ಹನ್ನೊಂದು ಗಂಟೆಗೆ ಮೀಟಿಂಗ್ ಇತ್ತು. ಊರು ದಾಟಿ ಗಂಡ ಸ್ವಲ್ಪ ವೇಗ ಹೆಚ್ಚಿಸಿದ್ದೇ ತಡ, ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸತೊಡಗಿತು, ಅದರ ಜೊತೆಗೆ ಜೀಪೂ. ಮೂವತ್ತು ವರ್ಷದಲ್ಲಿ ಒಂದೂ ಅಪಘಾತ ಮಾಡದ ಗಂಡನ ಮುಖ ಬಿಳಿಚಿಕೊಂಡಿತು. ನಿಧಾನ ಮಾಡಿದರೆ ಸುಮ್ಮನಿರುತ್ತಿತ್ತು. ಆದ್ದರಿಂದ ಮಾಗಡಿಯವರೆಗೂ ನಿಧಾನವಾಗಿಯೇ ಹೋದೆವು. ಹೊಟ್ಟು ಹೇರಿದ ಟ್ರ್ಯಾಕ್ಟರುಗಳು ನಮ್ಮನ್ನು ದಾಟಿದವು. ಒಬ್ಬ ಹಾಲಿನವನು ಸೈಕಲ್ಲಿನಲ್ಲಿ ದಾಟುತ್ತಾ ಏನಾದರೂ ಸಹಾಯ ಬೇಕೇ ಎಂದು ವಿಚಾರಿಸಿದ. ಮೇಸ್ತ್ರಿಯ ಮಾತು ನನ್ನ ತಲೆಯಲ್ಲಿ ದಾರಿಯುದ್ದಕ್ಕೂ ಇತ್ತು, ಗಂಡನಿಗೆ ಮಾತ್ರ ಹೇಳಲಿಲ್ಲ.

ಕೆರೆಯ ಹತ್ತಿರ ನಿಲ್ಲಿಸಿ ಬಾಗಿಲು ತೆಗೆದೆ. ಕುರ್ಚಿ ಅಡ್ಡ ಬಿದ್ದಿತ್ತು. ಚಹಾದ ಥರ್ಮಾಸು ಒಡೆದು, ದೊಡ್ಡ ನಿಘಂಟು ಚಹಾ ಕುಡಿದು ಉಬ್ಬಿತ್ತು. ಬೇಗ ಬೇಗ ಒರೆಸಿ ಮೀಟಿಂಗಿಗೆ ಕೂತೆ. ನೆಟ್‌ವರ್ಕ್ ಒಂದೇ ಕಡ್ಡಿ, ಅದೂ ಮೊಬೈಲನ್ನು ಕಿಟಕಿಯ ಮೂಲೆಗೆ ಆನಿಸಿದರೆ ಮಾತ್ರ. ಕಿಟಕಿ ತೆರೆದಿರಬೇಕು. ತೆರೆದರೆ ಹೊರಗೆ ನೂರಾರು ಹೆಬ್ಬಾತುಗಳ ಗದ್ದಲ. ನಮ್ಮ ಓಣಿಯ ಪವರ್‌ಲೂಮುಗಳು ಊಟಕ್ಕಾದರೂ ನಿಲ್ಲುತ್ತವೆ. ಇವು ನಿಲ್ಲಲೇ ಇಲ್ಲ. ಸಂಪಾದಕಿ, ಇವತ್ತು ರೈಲು ನಿಲ್ದಾಣದಲ್ಲಿದ್ದೀರೇನೋ ಎಂದರು.

ವ್ಯಾಕರಣದ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಇದ್ದಾಗ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕೆರೆಯ ಹತ್ತಿರ ಡಬ್ಬಿಯಂಥ ಗಾಡಿ ಬಂದಿದೆ, ಒಳಗೆ ಕಂಪ್ಯೂಟರ್ ಇದೆ ಎಂದು ಯಾರೋ ಹೇಳಿದ್ದರಂತೆ. ಆಧಾರ್ ಕಾರ್ಡಿನಲ್ಲಿ ತನ್ನ ಹೆಸರು ತಪ್ಪಾಗಿದೆ, ಪಿಂಚಣಿಯ ಕಾಗದಕ್ಕೆ ತಾಳೆಯಾಗುತ್ತಿಲ್ಲ ಎಂದಳು. ನಾನು ಸರಕಾರದವಳಲ್ಲ ಎಂದು ಮೆಲ್ಲಗೆ ಹೇಳಿದೆ.

"ಹಂಗಾರ ಏನ ಮಾಡಾಕಿ ನೀ?"

"ನಾ ಪುಸ್ತಕ ತಿದ್ದಾಕಿ ಅಮ್ಮಾ. ತಪ್ಪಿದ್ರ ಸರಿ ಮಾಡತೀನಿ."

"ತಿದ್ದಾಕೀನ ಹೌದಲ್ಲ? ಮತ್ತ ತಿದ್ದು" ಎಂದು ಒಳಗೆ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಚೀಲದಲ್ಲಿ ಖಾಲಿ ಅರ್ಜಿಯೂ ಇತ್ತು. ಶಿರಹಟ್ಟಿಯ ಆಧಾರ್ ಕೇಂದ್ರದಲ್ಲಿ ಕೊಟ್ಟು, ಬರೆಯಲು ಬರುವವರಿಂದ ತುಂಬಿಸಿಕೊಂಡು ಬಾ ಎಂದಿದ್ದರಂತೆ. ಸಂಪಾದಕಿಗೆ ಎರಡು ನಿಮಿಷ ಎಂದು ಹೇಳಿ ಪೆನ್ನು ತೆಗೆದುಕೊಂಡೆ. ಕಾರ್ಡು ಮುಂದಿಟ್ಟುಕೊಂಡು ಮುತ್ತು ಪೋಣಿಸಿದ ಹಾಗೆ ಹೆಸರು, ಊರು, ತಾಲೂಕು ಬರೆದೆ. ಮೊಬೈಲಿನ ಕಣ್ಣು ನನ್ನ ಮೇಲಿದೆ ಎಂಬ ಅರಿವಿನಿಂದ ಸ್ವಲ್ಪ ಚಂದಾಗಿಯೇ ಬರೆದೆ. ಮುದುಕಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು.

"ನನಗ ಓದಾಕ ಬರೂದಿಲ್ಲ ಖರೆ. ಆದ್ರ ನನ್ನ ಹೆಸರಿನ ಕಡೀ ಅಕ್ಷರದ ಕಾಲಾಗ ಇನ್ನೊಂದು ಸಣ್ಣದು ಇರ್ತೈತಿ. ಅದು ಇಲ್ಲಂತನ ನಾ ತಿರಗ್ಯಾಡಾಕತ್ತೀನಿ. ನೀನೂ ಅದನ್ನ ಬಿಟ್ಟಿ."

ನೋಡಿದೆ. ಕೊನೆಯಲ್ಲಿ ವ್ವ ಇರಬೇಕಾದ ಕಡೆ ವ ಇತ್ತು. ಕಾರ್ಡಿನಲ್ಲಿದ್ದ ತಪ್ಪನ್ನು ನಾನು ಹಾಗೆಯೇ ನಕಲು ಮಾಡಿದ್ದೆ. ಮೊಬೈಲಿನಿಂದ ಸಂಪಾದಕಿಯ ದನಿ ಕೇಳಿಸಿತು: "ಒತ್ತಕ್ಷರ ಬಿಟ್ಟಿದೆ ಮೇಡಂ." ನಾವು ಆಗ ತಿದ್ದುತ್ತಿದ್ದ ಮೂರನೆಯ ಅಧ್ಯಾಯ ಒತ್ತಕ್ಷರಗಳದ್ದು. ವ ಕೆಳಗೆ ಸಣ್ಣ ವ ಬರೆದೆ. ಮುದುಕಿ ಅದರ ಮೇಲೆ ಬೆರಳಾಡಿಸಿ, ಈಗ ಆತು ಎಂದಳು. ಅಷ್ಟು ಹೊತ್ತಿಗೆ ನೆಟ್‌ವರ್ಕ್ ಹೋಗಿತ್ತು. ನನಗೆ ಅದರಿಂದ ಸಮಾಧಾನವೇ ಆಯಿತು.

ಅಂದು ಮೀಟಿಂಗ್ ಮತ್ತೆ ಹತ್ತಲಿಲ್ಲ. ಇದ್ದ ಒಂದು ಕೆಲಸವನ್ನಾದರೂ ಪೂರ್ತಿ ಮಾಡೋಣ ಎಂದು ಮುದುಕಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಶಿರಹಟ್ಟಿಗೆ ಹೋದೆವು. ಅರ್ಜಿ ತೆಗೆದುಕೊಂಡರು, ಬೆರಳಚ್ಚು ಹಿಡಿದರು, ಚೀಟಿ ಕೊಟ್ಟರು. ಹೊರಗೆ ಬಂದರೆ ನಮ್ಮ ಗಾಡಿ ಓಣಿಗೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಗಂಡ ಹಿಂದಕ್ಕೆ ತೆಗೆಯಲು ನೋಡುತ್ತಿದ್ದರು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತಿತ್ತು. ಎಂಥೆಂಥ ಬಸ್ ನಿಲ್ದಾಣಗಳಲ್ಲಿ ಬಸ್ಸು ಹಿಂದೆ ತೆಗೆದ ಮನುಷ್ಯ ಬೆವೆತು ಹೋಗಿದ್ದರು. ಕೊನೆಗೆ ಒಬ್ಬ ಟ್ರ್ಯಾಕ್ಟರಿನವನು, ಇಳೀರಿ ಸಾವ್ಕಾರ್ರ ಎಂದು ತಾನೇ ಹತ್ತಿ ಒಂದೇ ಸಲಕ್ಕೆ ತೆಗೆದುಕೊಟ್ಟ. ಮುದುಕಿಯನ್ನು ಅವಳ ಮನೆಗೆ ಬಿಟ್ಟು ಮತ್ತೆ ನಿಧಾನವಾಗಿಯೇ ಬೆಟಗೇರಿ ಮುಟ್ಟಿದೆವು.

ಮರುದಿನ ಸಂಪಾದಕಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ, ರೈಲಿನಿಂದ ಹಿಡಿದು. ಅವರು ನಕ್ಕರು. ಮಗ್ಗದ ಸದ್ದಾದರೆ ನಮಗೇನೂ ತೊಂದರೆಯಿಲ್ಲ, ನೀವು ಸದಾ ಪ್ರಯಾಣದಲ್ಲಿರುತ್ತೀರಿ ಎಂದು ನಿಮಗೆ ಕೆಲಸ ಕಡಿಮೆ ಕಳಿಸುತ್ತಿದ್ದೆವು ಎಂದರು.

ಆ ವಾರವೇ ಮೇಸ್ತ್ರಿಯ ಬಳಿ ಗಾಡಿ ಒಯ್ದೆ. ನಾನು ಹೇಳಿದ್ದೆನಲ್ಲ ಎಂದು ಅವರು ಅನ್ನುತ್ತಾರೆಂದು ದಾರಿಯಲ್ಲಿ ಉತ್ತರ ಹುಡುಕುತ್ತಾ ಹೋಗಿದ್ದೆ. ಅವರು ಅನ್ನಲಿಲ್ಲ. ಅರ್ಧ ದಿನದಲ್ಲಿ ಮೇಜು, ಬ್ಯಾಟರಿ ಎಲ್ಲ ಮುಂದಕ್ಕೆ ಸರಿಸಿ, ಕೇಳದೇ ಇದ್ದರೂ ಪಕ್ಕಕ್ಕೊಂದು ಸಣ್ಣ ಕಿಟಕಿ ಕೊರೆದುಕೊಟ್ಟರು. ಈಗ ಗಾಡಿ ನೆಟ್ಟಗೆ ಓಡುತ್ತದೆ. ಮೊನ್ನೆ ಮುಂಡರಗಿಯ ದಾರಿಯಲ್ಲಿ ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡು ಹನ್ನೊಂದು ಪುಟ ತಿದ್ದಿದೆ. ಕಿಟಕಿಯಿಂದ ಒಂದು ಹೊಲದ ಬೇಲಿ ಕಾಣುತ್ತಿತ್ತು. ಗಂಡ ಜೀಪಿನ ನೆರಳಿನಲ್ಲಿ ಚಾಪೆ ಹಾಸಿ ಮಲಗಿದ್ದರು.