ರಫೀ ಮುಟ್ಟಬೇಡಿರೆಂದ ಬ್ಯಾಟರಿ

ಗೆಳೆಯ ರಫೀ ಸತ್ತ ಮೂರನೆಯ ದಿನ, ಜಿಯಾರತ್ ಪ್ರಾರ್ಥನೆ ಮುಗಿಸಿ ನಾವು ಗಂಗಾವತಿಯ ಅವನ ರಿಪೇರಿ ಅಂಗಡಿಯಲ್ಲಿ ಕೂತಿದ್ದೆವು. ಬ್ಯಾಟರಿ ಗಾಡಿ ಶೋರೂಮಿನ ಉಮಾಪತಿ ಬಂದವರಿಗೆಲ್ಲ ‘ನನ್ನ ತಮ್ಮ ಇದ್ದಂಗ ಇದ್ದ’ ಎನ್ನುತ್ತಿದ್ದ. ಆ ತಮ್ಮನನ್ನು ಅವನು ಆರು ವರ್ಷ ಗೇಲಿ ಮಾಡಿದ್ದನ್ನು ಕಣ್ಣಾರೆ ಕಂಡವನು ನಾನು. ‘ಏನೋ ರಫೀ, ಬ್ಯಾಟರಿಗೆ ಬಾಣಂತನ ಮಾಡಾಕತ್ತೀಯೇನು?’ ಎಂದು ಅವನು ನಕ್ಕರೆ ಇಡೀ ಬಜಾರು ನಗುತ್ತಿತ್ತು.

ರಫೀ ಹತ್ತನೆಯ ತರಗತಿಯಲ್ಲಿ ಫೇಲಾದವನು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಬ್ಯಾಟರಿಯ ಕೆಲಸ ನಾನು ಕಲಿತದ್ದು ಮಾತ್ರ ಅವನ ಸ್ಟೂಲಿನ ಮೇಲೆ ಕೂತು. ಹೊಸ ಸೆಲ್‌ಗಳನ್ನು ಅವನು ತಂದ ದಿನವೇ ಸಾಲಾಗಿ ಜೋಡಿಸುತ್ತಿರಲಿಲ್ಲ. ಮೊದಲು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟಿ, ಎಲ್ಲ ಸೆಲ್‌ಗಳೂ ಸಮನಾಗಿ ತುಂಬಲೆಂದು ಸಣ್ಣ ಚಾರ್ಜರ್ ಹಚ್ಚಿ ದಿನಗಟ್ಟಲೆ ಬಿಡುತ್ತಿದ್ದ.

‘ಗದ್ದಿಗೆ ನೀರು ಬಿಟ್ಟಂಗ ಇದು, ಸರ. ಎಲ್ಲಾ ಮೂಲಿಗೂ ಸಮ ನಿಲ್ಲಬೇಕು. ಅವಸರ ಮಾಡಿದ್ರ ಒಂದು ಕೊಳಿತೈತಿ, ಒಂದು ಒಣಗತೈತಿ.’

ಅವಸರದ ಮಾಲು ಉಮಾಪತಿಯಲ್ಲಿ ಬೇಕಾದಷ್ಟಿತ್ತು. ಅವನು ಮಾರಿದ ಮೂರು ಚಕ್ರದ ಗಾಡಿಯ ಬ್ಯಾಟರಿ ಎಂಟೇ ತಿಂಗಳಿಗೆ ಕೈಕೊಟ್ಟು, ಹೊಲಿಗೆ ಕೆಲಸದ, ಕಾಲಿಲ್ಲದ ಸುನಿತಾ, ತಾನು ಹೊಲಿದ ಬಟ್ಟೆಯ ಗಂಟಿನೊಂದಿಗೆ ಶ್ರೀರಾಮನಗರದ ಕಾಲುವೆ ರಸ್ತೆಯಲ್ಲಿ ಎರಡು ತಾಸು ಬಿಸಿಲಿಗೆ ಕೂತಿದ್ದಳು. ಅವಳಿಗೆಂದು ತಂದ ಹೊಸ ಸೆಲ್‌ಗಳೇ ಈಗ ಟೇಬಲ್ ಮೇಲೆ ಚಾರ್ಜಾಗುತ್ತಿದ್ದವು. ಚಾರ್ಜರಿಗೆ ರಫೀ ಚೀಟಿ ಅಂಟಿಸಿದ್ದ: ‘ಎರಡು ಆಂಪಿಯರಿನ ಕೆಳಗ ಇಳಿಯುವ ತನಕ ಮುಟ್ಟಬ್ಯಾಡ್ರಿ.’ ಸೆಲ್ ತುಂಬುತ್ತ ಬಂದಂತೆ ಕರೆಂಟು ಇಳಿಯುತ್ತದೆ; ಮೀಟರ್ ಇನ್ನೂ ಒಂಬತ್ತು ತೋರಿಸುತ್ತಿತ್ತು.

ಸುನಿತಾ ಆಟೋದಲ್ಲಿ ಬಂದಿಳಿದಳು. ಉಮಾಪತಿ ಎದ್ದ.

‘ತಂಗೀ, ಇವತ್ತ ಜೋಡಿಸಿ ಕೊಡಸ್ತೀನಿ. ದೊಡ್ಡ ಚಾರ್ಜರ್ ಹಚ್ಚಿದ್ರ ಒಂದ್ ತಾಸಿನ ಕೆಲಸ. ರಫೀಗೋಸ್ಕರ ಅಷ್ಟಾದ್ರೂ ಮಾಡಬೇಕಲ್ಲ?’

ಚಾರ್ಜರಿನ ವೈರ್ ಕೀಳಲು ಚಾಚಿದ ಅವನ ಕೈ ಹಿಡಿದೆ. ‘ಕುಂತು ಚಾ ಕುಡಿ, ಉಮಾಪತಿ. ನೀ ಛಲೋ ಮಾಡೂ ಕೆಲಸ ಅದೊಂದ.’

ಸುನಿತಾ ಚೀಟಿ ಓದಿದಳು. ‘ನಿಮ್ಮ ಒಂದ್ ತಾಸಿನ ಕೆಲಸ ಏನಂತ ಕಾಲುವಿ ಮ್ಯಾಲೆ ಎರಡು ತಾಸು ಕುಂತು ನೋಡೀನ್ರಿ, ಅಣ್ಣಾರ. ರಫೀ ಭಾಯ್ ಹೇಳಿದಷ್ಟು ದಿನ ಕಾಯ್ತೀನಿ.’

ಉಮಾಪತಿಯ ದುಃಖ ಅಲ್ಲಿಗೆ ಮುಗಿಯಿತು. ಚಪ್ಪಲಿ ಮೆಟ್ಟಿ ಹೋದ.

ನಾಲ್ಕು ದಿನಕ್ಕೆ ಮೀಟರ್ ಎರಡರ ಕೆಳಗಿಳಿಯಿತು. ನಾನೂ ರಫೀಯ ತಮ್ಮ ಅಕ್ಬರನೂ ಸೆಲ್ ಜೋಡಿಸಿ ಗಾಡಿಗೆ ಕೂರಿಸಿದೆವು. ಗಾಡಿ ಓಡಿಸಿಕೊಂಡು ಹೋದ ಸುನಿತಾ ಸಂಜೆ ಫೋನ್ ಮಾಡಿದಳು.

‘ಮನಿ ಮುಟ್ಟಿದೆ, ಸರ. ಚಾರ್ಜ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳದೈತಿ.’

ದಾರಿಯಲ್ಲೇ ಉಮಾಪತಿಯ ಶೋರೂಮು. ಅಲ್ಲಿ ಹಾರ್ನ್ ಹೊಡೆದೆಯಾ ಎಂದು ಕೇಳಿದೆ.

‘ಮೂರು ಸಲ ಹೊಡದೀನ್ರಿ.’

ರಫೀ ಇದ್ದಿದ್ದರೆ ಬೈಯುತ್ತಿದ್ದ, ಹಾರ್ನಿಗೂ ಕರೆಂಟು ಖರ್ಚಾಗುತ್ತದೆಂದು.