ಅಸ್ಸಾಮಿನ ಬಾವಿ, ಚೆಂಬೂರಿನ ಮದುವೆ

ಧಾರವಾಡದ ನೀಲಕಂಠಪ್ಪನವರು ಭವಿಷ್ಯ ಹೇಳುತ್ತಿದ್ದರು; ಮನುಷ್ಯರದ್ದಲ್ಲ, ಗ್ಯಾಸ್ ಬಾವಿಗಳದ್ದು! ಮುಂಬಯಿಯ ಫೋರ್ಟ್ ಭಾಗದ ಎಣ್ಣೆ ಕಂಪನಿಯೊಂದರಲ್ಲಿ ಅದೇ ಅವರ ಕೆಲಸ. ಯಾವ ತಿಂಗಳು ಎಷ್ಟು ಗ್ಯಾಸ್ ಬಂತೆಂದು ನಕ್ಷೆಯ ಮೇಲೆ ಚುಕ್ಕೆ ಇಡುವುದು, ಚುಕ್ಕೆಗಳು ಇಳಿದ ದಾರಿಯಲ್ಲೇ ಗೆರೆಯನ್ನು ಮುಂದಕ್ಕೆ ಎಳೆಯುವುದು. ಗೆರೆ ತಳ ಮುಟ್ಟಿದಲ್ಲಿಗೆ ಬಾವಿಯ ಕಥೆ ಮುಗಿಯಿತು. ಇಷ್ಟು ವರ್ಷ ಯಾವ ಬಾವಿಗೂ ಅವರು ಮರುಗಿದವರಲ್ಲ.

೧೯೫೭ರಲ್ಲಿ ಮಾತ್ರ ಸಿಕ್ಕಿಬಿದ್ದರು. ಮಗಳು ಶೀಲಾವತಿಯನ್ನು ನೋಡಿಹೋದ ಬೆಳಗಾವಿಯ ಹುಡುಗ ಶೇಖರ ಅಸ್ಸಾಮಿನ ಗಾಜಿನ ಕಾರ್ಖಾನೆಯಲ್ಲಿದ್ದ. ಅಲ್ಲಿನ ಕುಲುಮೆ ಉರಿಯುತ್ತಿದ್ದುದು ಇವರೇ ಲೆಕ್ಕ ಹಾಕುತ್ತಿದ್ದ ಬಾವಿಯ ಗ್ಯಾಸಿನಿಂದ. ಇವರ ಗೆರೆಯ ಪ್ರಕಾರ ಆ ಬಾವಿಗೆ ಇನ್ನು ಮೂರೇ ವರ್ಷ! ಕುಲುಮೆ ಆರಿದರೆ ಹುಡುಗನ ಕೆಲಸ ಹೋಯಿತು. ಅಂಥಲ್ಲಿಗೆ ಮಗಳನ್ನು ಹೇಗೆ ಕೊಡುವುದು?

“ಗೆರಿ ಸ್ವಲ್ಪ ಮ್ಯಾಲೆ ಎಳೀರಲ್ಲ. ಯಾರೇನು ಬಾವ್ಯಾಗ ಇಳದು ನೋಡ್ತಾರೇನು?” ಎಂದರು ಹೆಂಡತಿ ಶರಣವ್ವ.

“ನಾ ಎಳದಂಗ ಬಾವಿ ಕೇಳತೈತೇನ?” ಎಂದು ರೇಗಿದರು ನೀಲಕಂಠಪ್ಪ. ಗಂಡಿನ ಕಡೆಯವರಿಗೆ ಭಾನುವಾರ ಉತ್ತರ ಹೇಳಬೇಕಿತ್ತು.

ಶನಿವಾರ, ಮಳೆಗಾಲ ಪೂರ್ತಿ ಬಾರದೆ ನಿಂತಿದ್ದ ಬಾವಿಯ ಅಳತೆಗಳೆಲ್ಲ ಅಸ್ಸಾಮಿನಿಂದ ಒಟ್ಟಿಗೇ ಬಂದವು. ನೀಲಕಂಠಪ್ಪನವರಿಗೆ ತಮ್ಮ ಕೈಯ ಮೇಲೆ ತಮಗೇ ನಂಬಿಕೆಯಿಲ್ಲ; ಆಸೆ ಪೆನ್ಸಿಲನ್ನು ಮೇಲಕ್ಕೆ ಜಗ್ಗಿದರೆ? ಪಕ್ಕದ ಮೇಜಿನ ಉಡುಪಿಯ ಚೆನ್ನಯನಿಗೆ ನಕ್ಷೆ ಕೊಟ್ಟು ಚುಕ್ಕೆ ಇಡಲು ಹೇಳಿ, ಗೋಡೆಗೆ ಮುಖ ಮಾಡಿ ನಿಂತರು.

“ಮಾರಾಯ್ರೆ, ತಿರುಗಿ ನೋಡಿ! ಚುಕ್ಕೆ ಎಲ್ಲ ನಿಮ್ಮ ಗೆರೆಗಿಂತ ಮೇಲೆ ಉಂಟು!” ಎಂದು ಚೆನ್ನಯ ಕೂಗಿದ.

ನೋಡಿದರು. ಹೌದು! ಇಳಿತ ನಿಧಾನವಾಗಿತ್ತು. ಬಿರುಸಿನ ಗ್ಯಾಸ್ ಮೊದಲೇ ಬಂದು ಮುಗಿದು, ಈಗ ಬಿಗಿಯಾದ ಕಲ್ಲಿನೊಳಗಿನದು ಸಣ್ಣಗೆ ಜಿನುಗುತ್ತಿತ್ತು. ಹೊಸ ಗೆರೆ ಬಾಗುತ್ತ ಹೋಗಿ, ಕಾಗದದ ಅಂಚು ಬಂದರೂ ತಳ ಮುಟ್ಟಲಿಲ್ಲ. ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ! ಖುಷಿ ತಡೆಯಲಾರದೆ ಅವರು ಚೆನ್ನಯನನ್ನು ಎತ್ತಿಯೇಬಿಟ್ಟರು.

ಲೋಕಲ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಚೆಂಬೂರಿನವರೆಗೆ ಬಾಗಿಲಲ್ಲೇ ನಿಂತು ಬಂದರು. ಮನೆಯಿದ್ದ ಚಾಳಿನ ಮೆಟ್ಟಿಲಿನಿಂದಲೇ ಕೂಗು ಹಾಕಿದರು: “ಶೀಲಾ! ಇಪ್ಪತ್ತು ವರ್ಷ ಬಾವಿ ಬತ್ತೂದಿಲ್ಲವಾ! ಹೂಂ ಅಂತ ಹೇಳಿಬಿಡೂಣು!”

ಅಕ್ಕಿ ಆರಿಸುತ್ತಿದ್ದ ಮಗಳು ತಲೆಯೆತ್ತಿದಳು.

“ನಾ ಅವರು ಬಂದ ದಿನಾನ ಅವ್ವನ ಮುಂದ ಹೂಂ ಅಂದೀನಿ, ಅಪ್ಪಾ. ನೀ ಬಾವಿ ನೋಡಕೋಂತ ಕುಂತಿ. ನಾ ಹುಡುಗನ್ನ ನೋಡಿದೆ.”